ಬಿಚ್ಚುವ ಉಂಗುರ, ಬೆಳೆಯುವ ಸರಪಣಿ

ಕೆಲವು ಇಂಗಾಲದ ಪರಮಾಣುಗಳೂ ಒಂದು ಆಮ್ಲಜನಕದ ಪರಮಾಣುವೂ ಕೈಹಿಡಿದು ಉಂಗುರವಾಗಿ ನಿಂತಿರುವ ಚಕ್ರೀಯ ಈಥರುಗಳು ಕುಲದಲ್ಲಿ ಒಂದೇ ಆದರೂ ಸ್ವಭಾವದಲ್ಲಿ ಪರಸ್ಪರ ಬಹು ದೂರದವು. ಮೂರು ಪರಮಾಣುಗಳ ಆಕ್ಸಿರೇನಿನಲ್ಲಿ, ಎಂದರೆ ವ್ಯವಹಾರದ ಎಥಿಲೀನ್ ಆಕ್ಸೈಡಿನಲ್ಲಿ, ಬಂಧಗಳು ತಮಗೆ ಸಹಜವಾದ ಕೋನವನ್ನು ಬಿಟ್ಟು ಬಾಗಿ ನಿಂತಿರುವುದರಿಂದ ಒಂದು ಮೋಲಿಗೆ ಸುಮಾರು 114 ಕಿಲೋಜೂಲುಗಳಷ್ಟು ಶಕ್ತಿ ಬಿಗುಪಾಗಿ ಅಡಗಿರುತ್ತದೆ; ನಾಲ್ಕರ ಆಕ್ಸಿಟೇನಿನಲ್ಲಿ ಅದು ಸುಮಾರು 107; ಐದರ ಟೆಟ್ರಾಹೈಡ್ರೋಫ್ಯೂರಾನಿನಲ್ಲಿ 23ರ ಆಸುಪಾಸಿಗೆ ಇಳಿಯುತ್ತದೆ; ಆರರ ಟೆಟ್ರಾಹೈಡ್ರೋಪೈರಾನಿನಲ್ಲಿ ಅತ್ಯಲ್ಪ. ಬಿಗುಪು ಹೆಚ್ಚಿದಷ್ಟೂ ಬಿಚ್ಚಿಕೊಳ್ಳುವ ಆತುರವೂ ಹೆಚ್ಚಿರಬೇಕೆಂದು ಮೊದಲ ನೋಟಕ್ಕೆ ಯಾರಿಗಾದರೂ ತೋರುವುದು ಸಹಜ. ಆದರೆ ಇವುಗಳಲ್ಲಿ ಎರಡನ್ನು ಒಂದೇ ಪಾತ್ರೆಯಲ್ಲಿ ಬೆರೆಸಿ, ಆಮ್ಲಸ್ವಭಾವದ ಪ್ರಾರಂಭಕವೊಂದನ್ನು ಹಾಕಿ, ಸರಪಣಿಯಲ್ಲಿ ಯಾವುದು ಎಷ್ಟು ಸೇರಿತೆಂದು ಅಳೆದು ನೋಡಿದಾಗ ಈ ಸರಳ ಊಹೆ ನಿಲ್ಲುವುದಿಲ್ಲ; ಬಿಗುಪು ಕಡಿಮೆಯಿರುವ ಟೆಟ್ರಾಹೈಡ್ರೋಫ್ಯೂರಾನೇ ಅನೇಕ ವೇಳೆ ಆಕ್ಸಿರೇನಿಗಿಂತ ಮುಂದಾಗಿ ಸರಪಣಿಯನ್ನು ಸೇರಿಕೊಂಡಿರುತ್ತದೆ. ಈ ವಿಪರ್ಯಾಸದ ಕಾರಣವನ್ನು ಹುಡುಕುತ್ತ ಹೋದ ಕಳೆದ ಎಂಟು ದಶಕಗಳ ಸಂಶೋಧನೆಯನ್ನು ಒಟ್ಟಾಗಿ ನೋಡಿದರೆ, ಪುಸ್ತಕಗಳ ಕೋಷ್ಟಕಗಳಲ್ಲಿ ಅಚ್ಚಾಗಿರುವ ಕ್ರಿಯಾಶೀಲತೆಯ ಅನುಪಾತಗಳೆಂಬ ಅಂಕೆಗಳು ಆ ಮಾನೊಮರುಗಳ ಸ್ವಂತ ಗುಣಗಳಾಗಿರುವುದಕ್ಕಿಂತ ಹೆಚ್ಚಾಗಿ ಅವನ್ನು ಅಳೆದ ಪರಿಸ್ಥಿತಿಯ ವರದಿಗಳಾಗಿವೆಯೆಂಬ ಅಭಿಪ್ರಾಯಕ್ಕೆ ಬಾರದೆ ಗತ್ಯಂತರವಿಲ್ಲ.

ಕಥೆಯ ಆರಂಭ ಜರ್ಮನಿಯಲ್ಲಿ. ಹಾನ್ಸ್ ಮೇರ್‌ವೈನ್ ಎಂಬ ರಸಾಯನಜ್ಞನು 1930ರ ದಶಕದ ಕೊನೆಯ ವರ್ಷಗಳಲ್ಲಿ ಮೂರು ಆಲ್ಕಿಲ್ ಗುಂಪುಗಳನ್ನು ಹೊತ್ತ ಆಮ್ಲಜನಕದ ಲವಣಗಳನ್ನು, ಎಂದರೆ ಟ್ರೈಆಲ್ಕಿಲ್ ಆಕ್ಸೋನಿಯಮ್ ಲವಣಗಳನ್ನು, ಮೊದಲ ಬಾರಿಗೆ ಪ್ರತ್ಯೇಕಿಸಿ, ಅವುಗಳ ಸಂಪರ್ಕದಿಂದ ಟೆಟ್ರಾಹೈಡ್ರೋಫ್ಯೂರಾನು ದೀರ್ಘವಾದ ಸರಪಣಿಯಾಗಿ ಬೆಳೆಯುವುದನ್ನು ಕಂಡನು. ದ್ರಾವಕವಾಗಬಲ್ಲ ನಿರುಪದ್ರವಿಯಾದ ದ್ರವವೊಂದು ತಾನೇ ಪಾಲಿಮರಾಗಿಬಿಡುವುದು ಅಂದಿಗೆ ಸಣ್ಣ ಆಶ್ಚರ್ಯವೇನೂ ಆಗಿರಲಿಲ್ಲ. ಕ್ರಿಯೆಯ ಒಳಮರ್ಮ ಮಾತ್ರ ಸರಳವಾದುದು. ಸರಪಣಿಯ ತುದಿಯಲ್ಲಿ ಧನವಿದ್ಯುದಂಶವನ್ನು ಹೊತ್ತ ಆಮ್ಲಜನಕವು ಉಂಗುರದೊಳಗೆ ಕುಳಿತಿರುತ್ತದೆ. ಅದರ ಪಕ್ಕದ ಇಂಗಾಲವನ್ನು ಹೊಸ ಮಾನೊಮರಿನ ಆಮ್ಲಜನಕವು ತನ್ನ ಎಲೆಕ್ಟ್ರಾನ್ ಜೋಡಿಯಿಂದ ಹಿಂಬದಿಯಿಂದ ತಾಕುತ್ತದೆ. ಹಳೆಯ ಉಂಗುರ ಬಿಚ್ಚಿ ಸರಪಣಿಯ ಒಂದು ಕೊಂಡಿಯಾಗುತ್ತದೆ. ಧನಾಂಶವು ಹೊಸ ಉಂಗುರಕ್ಕೆ ದಾಟುತ್ತದೆ.

ಈ ಒಂದು ಹೆಜ್ಜೆಯನ್ನು ಮನಸ್ಸಿಟ್ಟು ನೋಡಿದರೆ ಮೇಲಿನ ವಿಪರ್ಯಾಸದ ಅರ್ಧ ಭಾಗ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಒಳಬರುವ ಮಾನೊಮರಿನ ಉಂಗುರ ಆ ಹೆಜ್ಜೆಯಲ್ಲಿ ಬಿಚ್ಚುವುದೇ ಇಲ್ಲ; ಬಿಚ್ಚುವುದು ಈಗಾಗಲೇ ತುದಿಯಲ್ಲಿ ಕುಳಿತಿರುವ ಉಂಗುರ. ಆದುದರಿಂದ ಬರುವವನ ಯೋಗ್ಯತೆಯನ್ನು ನಿರ್ಣಯಿಸುವುದು ಅವನ ಬಿಗುಪಲ್ಲ, ಅವನ ಆಮ್ಲಜನಕದ ಪ್ರತ್ಯಾಮ್ಲೀಯತೆ; ಕುಳಿತವನ ಯೋಗ್ಯತೆಯನ್ನು ನಿರ್ಣಯಿಸುವುದು ಬಿಗುಪು. ಪ್ರತ್ಯಾಮ್ಲೀಯತೆಯ ಕ್ರಮವೋ ಬಿಗುಪಿನ ಕ್ರಮದಂತಿಲ್ಲ: ಆಕ್ಸಿಟೇನ್ ಎಲ್ಲಕ್ಕೂ ಮೇಲೆ, ತರುವಾಯ ಟೆಟ್ರಾಹೈಡ್ರೋಫ್ಯೂರಾನ್, ಅದರ ಸಮೀಪದಲ್ಲಿಯೇ ಟೆಟ್ರಾಹೈಡ್ರೋಪೈರಾನ್, ಬಹಳ ಕೆಳಗೆ ಆಕ್ಸಿರೇನುಗಳು, ಅವಕ್ಕೂ ಕೆಳಗೆ ಚಕ್ರೀಯ ಅಸಿಟಾಲುಗಳಾದ ಡೈಆಕ್ಸೊಲೇನ್ ಮತ್ತು ಟ್ರೈಆಕ್ಸೇನ್. ಹೀಗೆ ಒಂದೇ ಮಾನೊಮರು ಅತಿಥಿಯಾಗಿ ಬರುವಾಗ ಮಂದವೂ, ತುದಿಯಲ್ಲಿ ಕುಳಿತ ಮೇಲೆ ಅತಿ ಚುರುಕೂ ಆಗಿರಬಹುದು. ಆಕ್ಸಿರೇನಿನ ಸ್ಥಿತಿ ಇದೇ. ಆಕ್ಸಿಟೇನು ಎರಡು ಪಾತ್ರಗಳಲ್ಲಿಯೂ ಬಲಿಷ್ಠವಾದುದರಿಂದ ಈ ಕುಟುಂಬದಲ್ಲಿ ಅದರ ನಡೆ ಮಾತ್ರವೇ ಸಾಕಷ್ಟು ಸುಗಮ.

ಇನ್ನು ಸಹಪಾಲಿಮರೀಕರಣದ ಗಣಿತ. 1944ರಲ್ಲಿ ಮೇಯೊ ಮತ್ತು ಲೂಯಿಸ್ ಎಂಬ ಇಬ್ಬರು ಸ್ಟೈರೀನ್ ಮತ್ತು ಮೀಥೈಲ್ ಮೆಥಾಕ್ರಿಲೇಟುಗಳ ಮಿಶ್ರಣವನ್ನು ಅಭ್ಯಸಿಸಿ, ಅದೇ ವರ್ಷ ಆಲ್ಫ್ರೆ ಮತ್ತು ಗೋಲ್ಡ್‌ಫಿಂಗರ್ ಸ್ವತಂತ್ರವಾಗಿ ಯೋಚಿಸಿ, ಕೊಟ್ಟ ಸಮೀಕರಣವು ಇಂದಿಗೂ ಈ ಶಾಸ್ತ್ರದ ಮೂಲಮಂತ್ರವಾಗಿ ಉಳಿದಿದೆ. ಒಂದನೆಯ ಮಾನೊಮರಿನ ತುದಿಯು ತನ್ನವನನ್ನೇ ಸೇರಿಸಿಕೊಳ್ಳುವ ವೇಗಸ್ಥಿರಾಂಕವನ್ನು ಪರನನ್ನು ಸೇರಿಸಿಕೊಳ್ಳುವ ವೇಗಸ್ಥಿರಾಂಕದಿಂದ ಭಾಗಿಸಿದರೆ ಮೊದಲ ಅನುಪಾತ, ಎರಡನೆಯದಕ್ಕೂ ಅಂತೆಯೇ. ಎರಡು ಅಂಕೆಗಳು ಕೈಗೆ ಬಂದರೆ ಯಾವ ಮಿಶ್ರಣದಿಂದ ಯಾವ ಸಂಯೋಜನೆಯ ಸರಪಣಿ ದೊರೆಯುವುದೆಂದು ಹೇಳಬಹುದು. ಆದರೆ ಈ ಸಮೀಕರಣ ಹುಟ್ಟಿದ್ದು ಸ್ವತಂತ್ರ ರ‍್ಯಾಡಿಕಲ್‌ಗಳ ಲೋಕದಲ್ಲಿ. ಸೇರಿದ ಮಾನೊಮರು ಹಿಂದಿರುಗುವುದಿಲ್ಲ, ತುದಿಯ ಕೊಂಡಿಯೊಂದೇ ಮುಂದಿನ ನಡೆಯನ್ನು ನಿಶ್ಚಯಿಸುತ್ತದೆ, ಒಮ್ಮೆ ಕಟ್ಟಿದ ಸರಪಣಿಯನ್ನು ಮತ್ತಾರೂ ಮುಟ್ಟುವುದಿಲ್ಲ ಎಂಬ ಮೂರು ಒಪ್ಪಂದಗಳ ಮೇಲೆ ಅದು ನಿಂತಿದೆ. ಚಕ್ರೀಯ ಈಥರುಗಳು ಈ ಮೂರನ್ನೂ ಮುರಿಯುತ್ತವೆ. ಮುರಿಯುವುದು ತಿಳಿದೂ ತಿಳಿದೂ ಅದೇ ಸಮೀಕರಣದಲ್ಲಿ ಅಂಕೆಗಳನ್ನು ತುಂಬುವ ಅಭ್ಯಾಸವು ದಶಕಗಟ್ಟಲೆ ನಡೆದುಬಂದುದನ್ನು ನೆನೆದರೆ, ವಿಜ್ಞಾನದಲ್ಲಿಯೂ ಸಂಪ್ರದಾಯಕ್ಕೆ ಎಷ್ಟು ಬಲವಿದೆಯೆನ್ನಿಸದಿರದು.

ಮೊದಲನೆಯ ಒಪ್ಪಂದವನ್ನೇ ತೆಗೆದುಕೊಳ್ಳೋಣ. ಟೆಟ್ರಾಹೈಡ್ರೋಫ್ಯೂರಾನಿನ ಬಿಗುಪು ಅಲ್ಪವಾದುದರಿಂದ ಅದು ಸೇರುವ ವೇಗಕ್ಕೂ ಬಿಟ್ಟುಹೋಗುವ ವೇಗಕ್ಕೂ ಅಂತರ ಅಷ್ಟಾಗಿ ಇರುವುದಿಲ್ಲ. ಹೂಮಾಲೆಯನ್ನು ಕಟ್ಟುವ ಕೈಯೇ ತುದಿಯಿಂದ ಒಂದೊಂದು ಹೂವನ್ನು ಬಿಡಿಸುತ್ತಲೂ ಇದ್ದ ಹಾಗೆ. ಉಷ್ಣತೆ ಏರಿದಂತೆ ಬಿಡಿಸುವ ವೇಗ ಹೆಚ್ಚಿ, ಶುದ್ಧ ದ್ರವದಲ್ಲಿ ಸುಮಾರು 84 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಎರಡೂ ಸಮವಾಗುತ್ತವೆ. ಅದರಾಚೆ ಪಾಲಿಮರು ಹುಟ್ಟದು. ಡೇಂಟನ್ ಮತ್ತು ಐವಿನ್ 1948ರಲ್ಲಿ ಬೇರೆ ಮಾನೊಮರುಗಳಿಗಾಗಿ ನಿರೂಪಿಸಿದ ಮೇಲ್ಮಿತಿ ಉಷ್ಣತೆಯೆಂಬ ಭಾವನೆಗೆ ಇದಕ್ಕಿಂತ ಸ್ವಚ್ಛವಾದ ಉದಾಹರಣೆ ಸಿಗುವುದು ದುರ್ಲಭ. ಕೋಣೆಯ ಉಷ್ಣತೆಯಲ್ಲಿಯೂ ಕ್ರಿಯೆ ಪೂರ್ಣವಾಗದೆ, ಮುಕ್ಕಾಲು ಪಾಲಿನ ಸಮೀಪದಲ್ಲಿ ನಿಂತು, ಉಳಿದುದು ಮಾನೊಮರಾಗಿಯೇ ಉಳಿಯುತ್ತದೆ. 1960ರಲ್ಲಿ ಲೌರಿ ಎಂಬವನು ಈ ಬಿಡಿಸುವಿಕೆಯನ್ನು ಸಹಪಾಲಿಮರೀಕರಣದ ಸಮೀಕರಣದೊಳಕ್ಕೆ ತಂದನು. ಅವನ ಸಮೀಕರಣಗಳಲ್ಲಿ ಮಿಶ್ರಣದ ಅನುಪಾತ ಮಾತ್ರವೇ ಸಾಲದು. ಮಾನೊಮರಿನ ಸಾರತೆ ಎಷ್ಟೆಂಬುದೂ ಬೇಕು. ಒಂದೇ ಅನುಪಾತದ ಮಿಶ್ರಣವನ್ನು ದ್ರಾವಕದಲ್ಲಿ ತೆಳುವಾಗಿಸಿದರೆ ಸರಪಣಿಯ ಸಂಯೋಜನೆಯೇ ಬದಲಾಗುತ್ತದೆ. ಮೇಯೊ–ಲೂಯಿಸ್ ಸಮೀಕರಣಕ್ಕೆ ಈ ಸಂಗತಿ ಕಾಣುವುದೇ ಇಲ್ಲ.

ಟೆಟ್ರಾಹೈಡ್ರೋಫ್ಯೂರಾನ್ ಮತ್ತು ಆಕ್ಸಿರೇನುಗಳ ಜೋಡಿಯಲ್ಲಿ ತುದಿಯೊಂದರ ಮುಂದೆ ತಡೆದು ನಿಂತು ನೋಡುವುದು ಉಚಿತ, ಏಕೆಂದರೆ ಇಡೀ ವಿಷಯದ ಸೊಗಸೂ ತೊಡಕೂ ಅಲ್ಲಿವೆ. ತುದಿಯಲ್ಲಿ ಟೆಟ್ರಾಹೈಡ್ರೋಫ್ಯೂರಾನಿನ ಆಕ್ಸೋನಿಯಮ್ ಉಂಗುರವಿದೆ ಎನ್ನೋಣ. ಆಕ್ಸಿರೇನೊಂದು ಬಂದು ತಾಕಿತು. ಐದರ ಉಂಗುರ ಬಿಚ್ಚಿ ನಾಲ್ಕು ಇಂಗಾಲಗಳ ಕೊಂಡಿಯಾಯಿತು. ಈಗ ತುದಿಯಲ್ಲಿ ಮೂರರ ಉಂಗುರ ಧನಾಂಶವನ್ನು ಹೊತ್ತು ಕುಳಿತಿದೆ. ಅದರ ಆಮ್ಲಜನಕಕ್ಕೆ ಮೂರು ಬಂಧಗಳು: ಎರಡು ತನ್ನ ಉಂಗುರದ ಇಂಗಾಲಗಳಿಗೆ, ಒಂದು ಸರಪಣಿಯ ಕೊನೆಯ ಇಂಗಾಲಕ್ಕೆ. ಮುಂದೆ ಬರುವವನು ಉಂಗುರದ ಇಂಗಾಲವನ್ನು ತಾಕಿದರೆ ಬಿಗುಪು ಬಿಡುಗಡೆಯಾಗಿ, ಆಕ್ಸಿರೇನು ಸರಪಣಿಯೊಳಗೆ ಶಾಶ್ವತವಾಗಿ ಸೇರಿಹೋಗುತ್ತದೆ. ಆದರೆ ಸರಪಣಿಯ ಇಂಗಾಲವನ್ನು ತಾಕಿದರೆ? ನಾಲ್ಕು ಇಂಗಾಲಗಳಾಚೆ ಕುಳಿತಿರುವ ಸರಪಣಿಯದೇ ಆಮ್ಲಜನಕವು ಹಿಂದಿರುಗಿ ಕಚ್ಚಿದರೆ ಮತ್ತೆ ಐದರ ಉಂಗುರ ಮೂಡಿ, ಆಕ್ಸಿರೇನು ಬಂದ ದಾರಿಯಲ್ಲಿಯೇ ಹೊರಬೀಳುತ್ತದೆ. ಹೊರಗಿನ ಟೆಟ್ರಾಹೈಡ್ರೋಫ್ಯೂರಾನೊಂದು ಅದೇ ಸ್ಥಳವನ್ನು ತಾಕಿದರೂ ಆಕ್ಸಿರೇನು ಸ್ಥಾನವನ್ನು ಬಿಟ್ಟುಕೊಟ್ಟು ತೆರಳುತ್ತದೆ. ಹೀಗಿರುವಾಗ ಪ್ರಯೋಗದಲ್ಲಿ ಅಳೆದು ಬರುವ ಅಡ್ಡಸೇರ್ಪಡೆಯ ವೇಗಸ್ಥಿರಾಂಕವು ನಿಜವಾದ ತಾಕುವಿಕೆಯ ವೇಗಸ್ಥಿರಾಂಕವಲ್ಲ. ತಾಕಿದವುಗಳಲ್ಲಿ ಎಷ್ಟು ಪಾಲು ಉಳಿದುಕೊಂಡಿತೆಂಬ ಭಿನ್ನರಾಶಿಯೂ ಅದರೊಳಗೆ ಗುಣಿತವಾಗಿದೆ. ಆ ಭಿನ್ನರಾಶಿಯು ಸಾರತೆಯನ್ನೂ ಉಷ್ಣತೆಯನ್ನೂ ಅನುಸರಿಸಿ ಬದಲಾಗುವಂಥದು.

ಅದೇ ತುದಿಯಲ್ಲಿ, ಎರಡನೆಯ ಒಪ್ಪಂದವನ್ನು ಮುರಿಯುವ, ಮತ್ತೊಂದು ನಿಯಮವೂ ಅಡಗಿದೆ. ಆಕ್ಸಿರೇನಿನ ಉಂಗುರವನ್ನು ಬಿಚ್ಚಿ ಬಂದು ಕುಳಿತ ಟೆಟ್ರಾಹೈಡ್ರೋಫ್ಯೂರಾನು ಹಿಂದಿರುಗಬೇಕಾದರೆ ಬಿಚ್ಚಿದ ಮೂರರ ಉಂಗುರ ಪುನಃ ಮುಚ್ಚಿಕೊಳ್ಳಬೇಕು. ಅಷ್ಟು ಬಿಗುಪನ್ನು ಮತ್ತೆ ತುಂಬುವವರಾರು? ಆದುದರಿಂದ ಆಕ್ಸಿರೇನಿನ ಬೆನ್ನಿಗೆ ಬಂದ ಮೊದಲ ಟೆಟ್ರಾಹೈಡ್ರೋಫ್ಯೂರಾನು ಭದ್ರ. ಟೆಟ್ರಾಹೈಡ್ರೋಫ್ಯೂರಾನಿನ ಬೆನ್ನಿಗೆ ಬಂದ ಟೆಟ್ರಾಹೈಡ್ರೋಫ್ಯೂರಾನು ಮಾತ್ರ ಜಾರಿಹೋಗಬಲ್ಲುದು. ಮೇಲ್ಮಿತಿಯನ್ನು ದಾಟಿದ ಉಷ್ಣತೆಯಲ್ಲಿಯೂ ಈ ಮಾನೊಮರು ಸಹಪಾಲಿಮರಿನೊಳಗೆ ಒಂಟಿಯಾಗಿ, ಆಕ್ಸಿರೇನುಗಳ ನಡುವೆ, ಇರುವುದರ ರಹಸ್ಯವಿದು. ತನ್ನಷ್ಟಕ್ಕೆ ತಾನು ಎಂದೂ ಪಾಲಿಮರಾಗದ ಟೆಟ್ರಾಹೈಡ್ರೋಪೈರಾನು ಬಿಗುಪುಳ್ಳ ಈಥರುಗಳ ಸಂಗದಲ್ಲಿ ಸರಪಣಿಗೆ ಸೇರುವುದೂ ಇದೇ ಕಾರಣದಿಂದ. ಅದರ ಅನುಪಾತ ಸೊನ್ನೆಯಾದುದರಿಂದ ಅದು ಸರಪಣಿಯ ಅರ್ಧಕ್ಕಿಂತ ಹೆಚ್ಚಿನ ಸ್ಥಳವನ್ನು ಎಂದಿಗೂ ಆಕ್ರಮಿಸಲಾರದು.

ವೇಗವನ್ನು ಅಳೆಯುವುದಕ್ಕೆ ಮೊದಲು ಕೆಲಸ ಮಾಡುತ್ತಿರುವ ತುದಿಗಳೆಷ್ಟೆಂಬುದು ತಿಳಿದಿರಬೇಕು. ಹಾಕಿದ ಪ್ರಾರಂಭಕವೆಲ್ಲ ತುದಿಯಾಗಿದೆಯೆಂದು ಭಾವಿಸಿ ಲೆಕ್ಕ ಹಾಕಿದ ಹಳೆಯ ಪ್ರಬಂಧಗಳ ಸ್ಥಿರಾಂಕಗಳು ಒಂದಕ್ಕೊಂದು ಹೊಂದದಿದ್ದುದು ಸಹಜವೇ. ಕ್ಯೋಟೊದ ಸಯಿಗೂಸಾ ಈ ತೊಡಕಿಗೆ ಜಾಣತನದ ಉಪಾಯವೊಂದನ್ನು ಕಂಡುಹಿಡಿದನು: ಕ್ರಿಯೆಯನ್ನು ಮಧ್ಯದಲ್ಲಿ ಸೋಡಿಯಮ್ ಫಿನಾಕ್ಸೈಡಿನಿಂದ ನಿಲ್ಲಿಸಿದರೆ ಜೀವಂತ ತುದಿಯೊಂದೊಂದಕ್ಕೂ ಒಂದು ಫಿನಾಕ್ಸಿ ಗುಂಪು ಅಂಟಿಕೊಳ್ಳುತ್ತದೆ, ಅದು ಅತಿನೇರಳೆ ಬೆಳಕನ್ನು ಹೀರುವ ಪ್ರಮಾಣದಿಂದ ತುದಿಗಳನ್ನು ಎಣಿಸಬಹುದು. ಪೋಲೆಂಡಿನ ಊಚ್ ನಗರದಲ್ಲಿ ಪೆನ್ಚೆಕ್, ಕುಬಿಸಾ, ಮತ್ಯಾಶೆವ್‌ಸ್ಕಿ ಮೊದಲಾದವರು ಫಾಸ್ಫೀನುಗಳಿಂದ ತುದಿಗಳನ್ನು ಹಿಡಿದು, ರಂಜಕದ ಕಾಂತೀಯ ಅನುರಣನ ರೋಹಿತದಲ್ಲಿ ಅವುಗಳನ್ನು ಎಣಿಸಿದ್ದಲ್ಲದೆ, ಯಾವ ಜಾತಿಯ ತುದಿಯೆಂಬುದನ್ನೂ ಬೇರ್ಪಡಿಸಿ ನೋಡಿದರು. ಈ ಕ್ಷೇತ್ರದ ನಂಬಲರ್ಹವಾದ ಜ್ಞಾನದ ದೊಡ್ಡ ಪಾಲು ಆ ಪ್ರಯೋಗಶಾಲೆಯ ಋಣ. ಸೋವಿಯತ್ ಒಕ್ಕೂಟದಲ್ಲಿ ರೋಜೆನ್‌ಬರ್ಗ್, ಲುಡ್ವಿಗ್, ಮೆದ್ವೆದೆವ್ ಮುಂತಾದವರೂ, ಪ್ರಿನ್ಸ್‌ಟನ್ನಿನಲ್ಲಿ ಟೊಬೊಲ್‌ಸ್ಕಿಯೂ 1960ರ ದಶಕದಲ್ಲಿ ಮಾಡಿದ ಕೆಲಸವನ್ನು ಮರೆಯುವಂತಿಲ್ಲವಾದರೂ, ಎಣಿಕೆಯ ಖಚಿತತೆ ಬಂದುದು ತರುವಾಯವೇ.

ಎಣಿಸಿದಾಗ ತಿಳಿದುದೇನು? ಟೆಟ್ರಾಹೈಡ್ರೋಫ್ಯೂರಾನಿನ ಬೆಳವಣಿಗೆಯ ವೇಗಸ್ಥಿರಾಂಕ ಕೋಣೆಯ ಉಷ್ಣತೆಯಲ್ಲಿ, ಮೋಲ್, ಲೀಟರ್, ಸೆಕೆಂಡುಗಳ ಮಾನದಲ್ಲಿ, ನೂರನೆಯ ಕೆಲವೇ ಭಾಗಗಳಷ್ಟು. ಸ್ಟೈರೀನಿನ ರ‍್ಯಾಡಿಕಲ್ 60 ಡಿಗ್ರಿಯಲ್ಲಿ ಅದೇ ಮಾನದಲ್ಲಿ ಕೆಲವು ನೂರುಗಳನ್ನು ಮುಟ್ಟುತ್ತದೆ. ಹಾಗಿದ್ದೂ ಕ್ರಿಯೆ ಕಣ್ಣಿಗೆ ಕಾಣುವಷ್ಟು ಬೇಗ ನಡೆಯುವುದು ತುದಿಗಳು ಸಾಯದೆ ಬಹುಕಾಲ ಬದುಕಿರುವುದರಿಂದ. ಮತ್ತೂ ಒಂದು ಸಂಗತಿ: ಬಿಡಿ ಅಯಾನು ಮತ್ತು ತನ್ನ ಪ್ರತಿ ಅಯಾನಿನೊಡನೆ ಜೋಡಿಯಾಗಿರುವ ಅಯಾನು, ಇವೆರಡರ ವೇಗ ಇಲ್ಲಿ ಹೆಚ್ಚುಕಡಮೆ ಒಂದೇ. ಋಣ ಅಯಾನುಗಳ ಪಾಲಿಮರೀಕರಣದಲ್ಲಿ ಇವುಗಳ ನಡುವೆ ಅಜಗಜಾಂತರವಿರುವುದನ್ನು ಬಲ್ಲವರಿಗೆ ಇದು ಅನಿರೀಕ್ಷಿತವಾಗಿತ್ತು. ಆದರೆ ಟ್ರೈಫ್ಲಿಕ್ ಆಮ್ಲದ ಎಸ್ಟರುಗಳಿಂದ ಪ್ರಾರಂಭಿಸಿದಾಗ ತೊಡಕು ಬೇರೆಯದು. ತುದಿಯು ಒಮ್ಮೆ ಅಯಾನಾಗಿ, ಒಮ್ಮೆ ವಿದ್ಯುದಂಶವಿಲ್ಲದ ಎಸ್ಟರಾಗಿ, ಎರಡು ರೂಪಗಳ ನಡುವೆ ಓಲಾಡುತ್ತಿರುತ್ತದೆ. ಕಾರ್ಬನ್ ಟೆಟ್ರಾಕ್ಲೋರೈಡಿನಲ್ಲಿ ಬಹುಪಾಲು ಎಸ್ಟರು, ನೈಟ್ರೊಮೀಥೇನಿನಲ್ಲಿ ಬಹುಪಾಲು ಅಯಾನು. ಅಯಾನಿನ ವೇಗ ಎಸ್ಟರಿನದಕ್ಕಿಂತ ನೂರಾರು ಪಟ್ಟು ಹೆಚ್ಚು. ಒಂದೇ ಮಾನೊಮರಿನಲ್ಲಿ ಇಷ್ಟು ಗೊಂದಲವಿರುವಾಗ, ಎರಡು ಮಾನೊಮರುಗಳ ತುದಿಗಳು ತಮ್ಮ ತಮ್ಮ ಪ್ರಮಾಣದಲ್ಲಿ ಅಯಾನು–ಎಸ್ಟರುಗಳಾಗಿ ಹಂಚಿಹೋಗುವ ಮಿಶ್ರಣದಲ್ಲಿ, ದ್ರಾವಕವನ್ನು ಹೆಸರಿಸದೆ ಅನುಪಾತವನ್ನು ಮಾತ್ರ ಅಚ್ಚುಹಾಕುವುದು ಊರ ಹೆಸರಿಲ್ಲದೆ ಮಳೆಯ ಪ್ರಮಾಣವನ್ನು ಹೇಳುವುದಕ್ಕಿಂತ ಉತ್ತಮವೇನಲ್ಲ.

ಮೂರನೆಯ ಒಪ್ಪಂದ, ಎಂದರೆ ಕಟ್ಟಿದ ಸರಪಣಿಯನ್ನು ಮತ್ತಾರೂ ಮುಟ್ಟುವುದಿಲ್ಲವೆಂಬುದು, ಎಷ್ಟು ಪೊಳ್ಳೆಂಬುದನ್ನು ನೋಡಬೇಕಾದರೆ ಕೈಗಾರಿಕೆಯತ್ತ ಹೋಗಬೇಕು. ಹಲ್ಲಿನ ಚಕ್ರ, ಜಿಪ್ಪು, ಪಂಪುಗಳ ಒಳಭಾಗ ಮುಂತಾದುವನ್ನು ಮಾಡುವ ಪಾಲಿಅಸಿಟಾಲ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಮೂಲವಸ್ತು ಫಾರ್ಮಾಲ್ಡಿಹೈಡು. ಅದರ ಸರಪಣಿಗಳನ್ನು 1920ರ ದಶಕದಲ್ಲಿಯೇ ಸ್ಟೌಡಿಂಗರ್ ಆಳವಾಗಿ ಅಭ್ಯಸಿಸಿದ್ದರೂ, ಬಿಸಿ ತಾಗಿದೊಡನೆ ತುದಿಯಿಂದ ಬಿಚ್ಚಿಕೊಂಡು ಅವು ಫಾರ್ಮಾಲ್ಡಿಹೈಡಾಗಿ ಹಾರಿಹೋಗುತ್ತಿದ್ದುದರಿಂದ ಬಹುಕಾಲ ನಿರುಪಯುಕ್ತವಾಗಿದ್ದವು. ಡ್ಯೂಪಾಂಟ್ ಕಂಪನಿಯು ತುದಿಗಳನ್ನು ಅಸಿಟೈಲ್ ಗುಂಪಿನಿಂದ ಮುಚ್ಚಿ ಡೆಲ್ರಿನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಸೆಲನೀಸ್ ಕಂಪನಿಯ ವಾಲಿಂಗ್, ಬ್ರೌನ್, ಬಾರ್ಟ್ಸ್ ಎಂಬವರು ಬೇರೆಯ ದಾರಿ ಹಿಡಿದು, ಫಾರ್ಮಾಲ್ಡಿಹೈಡಿನದೇ ಉಂಗುರರೂಪವಾದ ಟ್ರೈಆಕ್ಸೇನಿನೊಡನೆ ಎಥಿಲೀನ್ ಆಕ್ಸೈಡನ್ನೋ ಡೈಆಕ್ಸೊಲೇನನ್ನೋ ನೂರಕ್ಕೆ ಕೆಲವೇ ಪಾಲು ಬೆರೆಸಿದರು. 1962ರಲ್ಲಿ ಅವರಿಗೆ ಅಮೆರಿಕದ ಪೇಟೆಂಟು ದೊರೆಯಿತು. ಸರಪಣಿಯಲ್ಲಿ ಅಲ್ಲಲ್ಲಿ ಇಂಗಾಲ–ಇಂಗಾಲದ ಬಂಧವಿರುವ ಕೊಂಡಿಯೊಂದಿದ್ದರೆ ಬಿಚ್ಚಿಕೊಳ್ಳುವಿಕೆ ಅಲ್ಲಿಗೆ ಬಂದು ನಿಲ್ಲುತ್ತದೆ. ಕರಗುವ ಉಷ್ಣತೆ 175ರಿಂದ ಸುಮಾರು 165 ಡಿಗ್ರಿಗೆ ಇಳಿಯುವುದು ಅದಕ್ಕೆ ತೆತ್ತ ಬೆಲೆ.

ಆದರೆ ಈ ಕೊಂಡಿಗಳು ಸರಪಣಿಯುದ್ದಕ್ಕೂ ಚದುರಿರಬೇಕು. ಒಂದೇ ಕಡೆ ಗುಂಪಾಗಿದ್ದರೆ ಉಪಯೋಗವಿಲ್ಲ. ವೇಗಶಾಸ್ತ್ರದ ಲೆಕ್ಕದಂತೆ ಅವು ಗುಂಪಾಗಿಯೇ ಇರಬೇಕಾಗಿತ್ತು. ಡೈಆಕ್ಸೊಲೇನು ಟ್ರೈಆಕ್ಸೇನಿಗಿಂತ ಹೆಚ್ಚು ಪ್ರತ್ಯಾಮ್ಲೀಯವಾದುದರಿಂದ ಮೊದಲ ನಿಮಿಷಗಳಲ್ಲಿಯೇ ಅದರ ಬಹುಭಾಗ ಸರಪಣಿಗೆ ಸೇರಿ, ಆಗ ಕರಗಿಯೇ ಇರುವ ಡೈಆಕ್ಸೊಲೇನ್‌ಭರಿತ ತುಂಡುಗಳನ್ನು ಕೊಡುತ್ತದೆ. ಟ್ರೈಆಕ್ಸೇನಿನ ಉದ್ದ ಸರಪಣಿಗಳು ತರುವಾಯ ಗಟ್ಟಿಯಾಗಿ ಬೇರ್ಪಡುತ್ತವೆ. ಎಥಿಲೀನ್ ಆಕ್ಸೈಡು ಕೂಡ ನೇರವಾಗಿ ಸೇರುವುದಕ್ಕೆ ಮುನ್ನ ಫಾರ್ಮಾಲ್ಡಿಹೈಡಿನೊಡನೆ ಕೂಡಿ ಡೈಆಕ್ಸೊಲೇನ್, 1,3,5-ಟ್ರೈಆಕ್ಸಿಪೇನ್ ಎಂಬ ಹೊಸ ಉಂಗುರಗಳಾಗಿ ಮಾರ್ಪಡುತ್ತದೆ. ಹೀಗೆ ಪಾತ್ರೆಗೆ ಹಾಕಿದ ಮಾನೊಮರೊಂದು, ಸರಪಣಿ ಕಾಣುವ ಮಾನೊಮರು ಇನ್ನೊಂದು. ಹಾಗಿದ್ದೂ ಕೊನೆಗೆ ಕೈಗೆ ಬರುವ ಪದಾರ್ಥದಲ್ಲಿ ಕೊಂಡಿಗಳು ಚದುರಿಯೇ ಇರುತ್ತವೆ. ಜೀವಂತ ತುದಿಗಳು ಮಾನೊಮರು ಮುಗಿದ ಮೇಲೂ ಸುಮ್ಮನಿರದೆ ಬೇರೆ ಸರಪಣಿಗಳ ಅಸಿಟಾಲ್ ಆಮ್ಲಜನಕಗಳನ್ನು ತಾಕಿ, ಅವನ್ನು ಕತ್ತರಿಸಿ, ತುಂಡುಗಳನ್ನು ಅದಲುಬದಲು ಮಾಡಿ ಜೋಡಿಸುತ್ತಿರುವುದೇ ಇದಕ್ಕೆ ಕಾರಣ. ರಷ್ಯದ ಎನಿಕೊಲೊಪ್ಯಾನ್ ಸರಪಣಿಯ ಕಡಿತದೊಡನೆ ನಡೆಯುವ ಈ ವರ್ಗಾವಣೆಯನ್ನು ಬಹು ಹಿಂದೆಯೇ ಗುರುತಿಸಿದ್ದನು. ಮೈಂಟ್ಸ್‌ನ ಕೆರ್ನ್ ಮತ್ತು ಯಾಕ್ಸ್ ಇದೇ ವ್ಯವಸ್ಥೆಯಲ್ಲಿ ಮತ್ತೊಂದು ಸೂಕ್ಷ್ಮವನ್ನು ತೋರಿಸಿದರು: ಟ್ರೈಆಕ್ಸೇನಿನ ಕ್ರಿಯೆ ಆರಂಭದಲ್ಲಿ ಕೆಲಕಾಲ ನಿಂತಂತೆ ಕಾಣುವುದು ತುದಿಗಳು ಫಾರ್ಮಾಲ್ಡಿಹೈಡನ್ನು ಬಿಡುತ್ತ ಅದರ ಸಮತೋಲದ ಸಾರತೆಯನ್ನು ತಲುಪುವವರೆಗೆ, ಅಷ್ಟನ್ನು ಮೊದಲೇ ಹಾಕಿದರೆ ಆ ವಿಳಂಬವಿಲ್ಲ. ವಿಳಂಬದ ಅವಧಿಯಲ್ಲಿ ಅಳೆದ ವೇಗವನ್ನು ಮಾನೊಮರಿನ ಮಂದತನವೆಂದು ಓದಿದವರು ಆ ಮೊದಲು ಅನೇಕರಿದ್ದರು.

ಉಂಗುರಗಳು ಬಿಚ್ಚಿ ಸರಪಣಿಯಾಗುವಂತೆ ಸರಪಣಿಯೂ ತನ್ನನ್ನೇ ಕಚ್ಚಿ ದೊಡ್ಡ ಉಂಗುರಗಳನ್ನು ಉದುರಿಸುತ್ತದೆ: ಎಥಿಲೀನ್ ಆಕ್ಸೈಡಿನಿಂದ ಡೈಆಕ್ಸೇನು, ಆಕ್ಸಿಟೇನಿನಿಂದ ನಾಲ್ಕು ಘಟಕಗಳ ಚಕ್ರ, ಇದನ್ನು ರೋಸ್ ಎಂಬವನು 1956ರಲ್ಲಿಯೇ ಕಂಡಿದ್ದನು. ಸಹಪಾಲಿಮರಿನಲ್ಲಿ ಈ ಉದುರುವಿಕೆ ಒಂದು ಘಟಕವನ್ನು ಇನ್ನೊಂದಕ್ಕಿಂತ ಹೆಚ್ಚು ಕಳೆಯುವುದರಿಂದ, ಉಳಿದ ಸರಪಣಿಯ ಸಂಯೋಜನೆಯಿಂದ ಹುಟ್ಟುವಿಕೆಯ ವೇಗವನ್ನು ಹಿಮ್ಮುಖವಾಗಿ ಊಹಿಸುವುದು ಅಪಾಯಕರ. ಡೈಆಕ್ಸೊಲೇನಿನ ಸರಪಣಿಗೆ ತುದಿಯೇ ಇಲ್ಲ, ಅದು ಹಿಗ್ಗುತ್ತ ಹೋಗುವ ಒಂದೇ ಉಂಗುರವೆಂದು ಕೀಲ್ ವಿಶ್ವವಿದ್ಯಾಲಯದ ಪ್ಲೆಶ್ ಹೂಡಿದ ವಾದವೂ, ಅದರ ಮೇಲೆ ನಡೆದ ದೀರ್ಘ ಜಗಳವೂ ಓದಲು ರಸವತ್ತಾಗಿವೆ. ಇಲ್ಲಿ ಅವುಗಳ ವಿಸ್ತರಣೆಗೆ ಎಡೆಯಿಲ್ಲ.

ಈ ಉದುರುವಿಕೆಯನ್ನು ತಡೆಯಲೆಂದು ಊಚ್‌ನ ಗುಂಪು 1980ರ ದಶಕದಲ್ಲಿ ರೂಪಿಸಿದ ಮಾರ್ಗವು ವೇಗಶಾಸ್ತ್ರದ ದೃಷ್ಟಿಯಿಂದ ಎಲ್ಲಕ್ಕಿಂತ ಕುತೂಹಲಕರ. ಆಲ್ಕೊಹಾಲೊಂದರ ಸಮ್ಮುಖದಲ್ಲಿ ಆಕ್ಸಿರೇನನ್ನು ನಿಧಾನವಾಗಿ ತೊಟ್ಟಿಕ್ಕುತ್ತ ಹೋದರೆ ಧನಾಂಶವು ಸರಪಣಿಯ ತುದಿಯಲ್ಲಿರದೆ, ಪ್ರೋಟಾನನ್ನು ಪಡೆದ ಮಾನೊಮರಿನ ಮೇಲೆ ಇರುತ್ತದೆ. ಸರಪಣಿಯ ತಟಸ್ಥ ಹೈಡ್ರಾಕ್ಸಿಲ್ ತುದಿಯೇ ಆ ಮಾನೊಮರನ್ನು ತಾಕುತ್ತದೆ. ಈ ಮಾರ್ಗದ ವೇಗಕ್ಕೂ ಹಳೆಯ ಮಾರ್ಗದ ವೇಗಕ್ಕೂ ಇರುವ ಪ್ರಮಾಣವು ಹೈಡ್ರಾಕ್ಸಿಲ್ ಸಾರತೆಯನ್ನು ಮಾನೊಮರಿನ ಸಾರತೆಯಿಂದ ಭಾಗಿಸಿದಂತೆ ಬದಲಾಗುವುದರಿಂದ, ಮಾನೊಮರನ್ನು ಹಸಿವಿನಲ್ಲಿಟ್ಟಷ್ಟೂ ಹೊಸ ಮಾರ್ಗಕ್ಕೆ ಜಯ. ಪಾತ್ರಗಳು ಇಲ್ಲಿ ಅದಲುಬದಲಾದುವು: ತಾಕುವವನಾಗಿದ್ದ ಮಾನೊಮರು ಈಗ ತಾಕಿಸಿಕೊಳ್ಳುವವನು. ಪ್ರತ್ಯಾಮ್ಲೀಯವಾದ ಟೆಟ್ರಾಹೈಡ್ರೋಫ್ಯೂರಾನು ಪ್ರೋಟಾನುಗಳನ್ನು ಬಾಚಿಕೊಂಡು ಸುಮ್ಮನೆ ಕುಳಿತಿರುತ್ತದೆ. ಪ್ರೋಟಾನು ಸಿಕ್ಕ ಆಕ್ಸಿರೇನು ಕೂಡಲೆ ಬಿಚ್ಚಿ ಸೇರುತ್ತದೆ. ಹೀಗೆ ಅದೇ ಎರಡು ಮಾನೊಮರುಗಳು, ಅದೇ ಆಮ್ಲ, ಅದೇ ಉಷ್ಣತೆ. ತೊಟ್ಟಿಕ್ಕುವ ವೇಗವೊಂದನ್ನು ಬದಲಾಯಿಸಿದರೆ ಅನುಪಾತ ಬೇರೆ.

ಲೆಕ್ಕದ ವಿಧಾನಗಳ ವಿಚಾರದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. 1950ರ ಫೈನ್‌ಮನ್–ರಾಸ್ ಸರಳರೇಖೆಯು ಕೊನೆಯ ಬಿಂದುಗಳಿಗೆ ಅನುಚಿತವಾದ ತೂಕವನ್ನು ಕೊಡುತ್ತದೆಯೆಂಬುದು ಬಹುಕಾಲದಿಂದ ತಿಳಿದ ವಿಷಯ. 1965ರಲ್ಲಿ ಟಿಡ್‌ವೆಲ್ ಮತ್ತು ಮಾರ್ಟಿಮರ್ ತೋರಿದ ವಕ್ರರೇಖೆಯ ವಿಧಾನವೂ, 1975ರ ಕೆಲೆನ್–ಟ್ಯೂಡೋಶ್ ತಿದ್ದುಪಡಿಯೂ ಅದಕ್ಕಿಂತ ಮೇಲು. 2015ರಲ್ಲಿ ಲಿಂಡ್ ಮತ್ತು ಸಂಗಡಿಗರು, ತುದಿಯ ಗುರುತು ಲೆಕ್ಕಕ್ಕೆ ಬಾರದ ಮಿಶ್ರಣಗಳಿಗೆ, ಕ್ರಿಯೆಯ ಆದ್ಯಂತ ದತ್ತಾಂಶವನ್ನು ಬಳಸುವ ಸರಳ ಸಮೀಕರಣವನ್ನು ಕೊಟ್ಟಿದ್ದಾರೆ. ಆದರೆ ಗಣಿತ ಎಷ್ಟು ನಯವಾದರೂ, ಹಿಂದಿರುಗುವ ಕ್ರಿಯೆಯನ್ನು ಹಿಂದಿರುಗದ ಸಮೀಕರಣಕ್ಕೆ ಹೊಂದಿಸಿ ಪಡೆದ ಅಂಕೆಗೆ ಮೂರು ದಶಮಾಂಶ ಸ್ಥಾನಗಳ ಅಲಂಕಾರವೇಕೆಂಬ ಪ್ರಶ್ನೆ ಉಳಿದೇ ಇರುತ್ತದೆ.

ಇವೆಲ್ಲ ಪ್ರಯೋಗಶಾಲೆಯ ಸೂಕ್ಷ್ಮಗಳೆಂದು ಭಾವಿಸುವಂತಿಲ್ಲ. ಹಿಗ್ಗುವ ಉಡುಪುಗಳ ಸ್ಪ್ಯಾಂಡೆಕ್ಸ್ ನೂಲಿನ ಮೃದುಭಾಗ ಟೆಟ್ರಾಹೈಡ್ರೋಫ್ಯೂರಾನಿನ ಸರಪಣಿಯೇ. ಅದು ಶೀತದಲ್ಲಿ ಸ್ಫಟಿಕವಾಗಿ ಬಿರುಸಾಗುವುದನ್ನು ತಪ್ಪಿಸಲು ಸರಪಣಿಯೊಳಗೆ ಎಥಿಲೀನ್ ಆಕ್ಸೈಡಿನ ಅಥವಾ ಮೀಥೈಲ್ ಟೆಟ್ರಾಹೈಡ್ರೋಫ್ಯೂರಾನಿನ ಘಟಕಗಳನ್ನು ಸೇರಿಸುವ ಪದ್ಧತಿಯುಂಟು. ಬೆಳಕಿನಿಂದ ಗಟ್ಟಿಯಾಗುವ ಲೇಪನಗಳಲ್ಲಿ ಈ ವೇಗವಿಚಾರ ಇನ್ನೂ ಪ್ರತ್ಯಕ್ಷ. 1970ರ ದಶಕದಲ್ಲಿ ಕ್ರಿವೆಲ್ಲೊ ರೂಪಿಸಿದ ಅಯೊಡೋನಿಯಮ್ ಮತ್ತು ಸಲ್ಫೋನಿಯಮ್ ಲವಣಗಳು ಅತಿನೇರಳೆ ಬೆಳಕು ಬಿದ್ದೊಡನೆ ಪ್ರಬಲ ಆಮ್ಲವನ್ನು ಬಿಡುತ್ತವೆ. ಆಕ್ಸಿಟೇನನ್ನು ಒಂಟಿಯಾಗಿ ಬಳಸಿದರೆ ಅದರ ಮೊದಲ ಆಕ್ಸೋನಿಯಮ್ ಅಯಾನು ತನ್ನ ಸ್ಥಿರತೆಯಿಂದಲೇ ತಡಮಾಡುತ್ತದೆ. ಚುರುಕಾದ ಎಪಾಕ್ಸೈಡೊಂದನ್ನು, ಎಂದರೆ ಆಕ್ಸಿರೇನನ್ನು, ಸ್ವಲ್ಪ ಬೆರೆಸಿದರೆ ತಡ ಹೋಗಿ ಕ್ರಿಯೆ ಓಡತೊಡಗುತ್ತದೆ. ಹೀಗೆ ಗಟ್ಟಿಯಾದ ಪದರದೊಳಗೆ ಅಯಾನುಗಳು ದೀಪ ಆರಿದ ಮೇಲೂ ಸಾಯದೆ ಗಂಟೆಗಟ್ಟಲೆ ಕೆಲಸ ಮಾಡುತ್ತಿರುತ್ತವೆ. ಆಗ ವೇಗವನ್ನು ಆಳುವುದು ಪ್ರತ್ಯಾಮ್ಲೀಯತೆಯೂ ಅಲ್ಲ, ಬಿಗುಪೂ ಅಲ್ಲ, ಗಾಜಿನಂತೆ ಬಿಗಿದ ಜಾಲದಲ್ಲಿ ಉಳಿದ ಮಾನೊಮರು ತುದಿಯವರೆಗೆ ತೆವಳಿ ಬರುವ ವೇಗ. ದ್ರವದಲ್ಲಿ ಅಳೆದ ಅನುಪಾತಗಳನ್ನು ಆ ಘಟ್ಟಕ್ಕೆ ಅನ್ವಯಿಸುವಂತಿಲ್ಲ.